ಒಬ್ಬಂಟಿ ತಾಯಿಯ ಮನೆವಾರ್ತೆ: ಜೈನ ಇತಿಹಾಸದ ಕೆಲವು ಪುಟಗಳು

ಸಂಸಾರವನ್ನು ಎರಡು ಗಾಲಿಗಳ ಬಂಡಿಗೆ ಹೋಲಿಸುವುದು ರೂಢಿ. ಒಂದು ಗಾಲಿ ಮುರಿದರೂ ಬಂಡಿಯ ಮೇಲಿನ ಹೊರೆ ಇಳಿಯುವುದಿಲ್ಲ. ಮಕ್ಕಳ ಊಟ, ಉಡುಪು, ವಿದ್ಯೆ, ಹಿರಿಯರ ಔಷಧ, ತೀರಿಸಬೇಕಾದ ಸಾಲ, ಬರಬೇಕಾದ ಬಾಕಿ, ಇವೆಲ್ಲವೂ ಹಾಗೆಯೇ ಉಳಿದಿರುತ್ತವೆ. ಗಂಡನನ್ನು ಕಳೆದುಕೊಂಡ ಅಥವಾ ಗಂಡನಿಂದ ಬೇರೆಯಾದ ಗೃಹಿಣಿಯೊಬ್ಬಳು ಮಕ್ಕಳೊಡನೆ ಉಳಿದಾಗ ಸಮಾಜವು ಮರುಕ ತೋರುತ್ತದೆ. ಬಂಧುಗಳು ಬಂದು ನಾಲ್ಕು ಸಮಾಧಾನದ ಮಾತುಗಳನ್ನು ಆಡುತ್ತಾರೆ. ಆದರೆ ಆ ಮನೆಯ ಕೀಲಿಕೈ ಮತ್ತು ಲೆಕ್ಕದ ಪುಸ್ತಕ ಇನ್ನು ಮುಂದೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ವಿರಳ. ಆ ಮನೆಯ ಮುಂದಿನ ಬಾಳುವೆಯೆಲ್ಲ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುತ್ತದೆ. ಜೈನ ಇತಿಹಾಸವು, ಜೈನ ನೀತಿಗ್ರಂಥಗಳು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿವೆ. ಅದನ್ನು ಮರೆತದ್ದು ಮಾತ್ರ ನಂತರದ ರೂಢಿ.

ದಾನಕ್ಕೆ ಮೊದಲು ಮನೆ

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಜೈನ ಕುಟುಂಬ ಕರ್ನಾಟಕದಲ್ಲಿಲ್ಲ. ಆದರೆ ಆಕೆಯನ್ನು ನೆನೆಯುವಾಗ ಸಾಮಾನ್ಯವಾಗಿ ಆಕೆಯ ದಾನದಿಂದಲೇ ಕಥೆ ಆರಂಭವಾಗುತ್ತದೆ. ಅದಕ್ಕೂ ಹಿಂದಿನ ಒಂದು ಅಧ್ಯಾಯವಿದೆ. ಅದು ಚಿಕ್ಕ ಮಗನೊಬ್ಬನನ್ನು ಒಬ್ಬಳೇ ಸಾಕಿದ ತಾಯಿಯ ಅಧ್ಯಾಯ.

ಅತ್ತಿಮಬ್ಬೆಯು ವೆಂಗಿ ಮಂಡಲದ ದಂಡನಾಯಕ ಮಲ್ಲಪಯ್ಯನ ಮಗಳು. ಆಕೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಚಕ್ರವರ್ತಿ ಎರಡನೆಯ ತೈಲಪನ (973-997) ಮಹಾಮಾತ್ಯ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಗಿತ್ತು. ತೈಲಪನ ಸೇನಾನಿಯಾಗಿದ್ದ ನಾಗದೇವನು ಚಿಕ್ಕ ವಯಸ್ಸಿನಲ್ಲಿಯೇ ಮರಣ ಹೊಂದಿದನು. ಗುಂಡಮಬ್ಬೆಯು ಪತಿಯ ಚಿತೆಯನ್ನೇರಿದಳು. ಅತ್ತಿಮಬ್ಬೆಯು ಉಳಿದಳು, ಮಗ ಅಣ್ಣಿಗದೇವನನ್ನು ಬೆಳೆಸುವ ಹೊಣೆ ಹೊತ್ತಳು.

ಆ ಕಾಲದ ದೃಷ್ಟಿಯಲ್ಲಿ ಚಿತೆಯೇರಿದವಳಿಗೆ ಕೀರ್ತಿ ತಾನಾಗಿಯೇ ಬರುತ್ತಿತ್ತು. ಉಳಿದವಳು ಮಾತ್ರ ಪ್ರತಿದಿನವೂ ತನ್ನ ಉಳಿವನ್ನು ಸಮರ್ಥಿಸಿಕೊಳ್ಳಬೇಕಾಗಿತ್ತು. ತಂಗಿಯ ನಿರ್ಧಾರವನ್ನು ಇಂದು ಕುಳಿತು ತೂಗುವುದು ಉಚಿತವಲ್ಲ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ವಿವರಿಸುವಾಗ ಬೆಂಕಿಗೆ ಬೀಳುವುದನ್ನೂ ಅದರಲ್ಲಿ ಸೇರಿಸಿದ್ದಾರೆಂಬುದನ್ನು ಇಲ್ಲಿ ಸ್ಮರಿಸಬಹುದು. ಬದುಕಿ, ವ್ರತಗಳನ್ನು ಪಾಲಿಸಿ, ಮಗುವನ್ನು ಬೆಳೆಸುವುದೇ ಶ್ರಾವಿಕೆಯ ದಾರಿ ಎಂಬುದಕ್ಕೆ ಅತ್ತಿಮಬ್ಬೆಯ ಬಾಳು ನಿದರ್ಶನ.

ಮಗ ಅಣ್ಣಿಗದೇವನು ಬೆಳೆದು ಪಡೆವಳ ತೈಲನೆಂಬ ಹೆಸರಿನಿಂದ ಸೇನಾಪದವಿಗೇರಿದನು. ತಂದೆಯಿಲ್ಲದ ಹುಡುಗನನ್ನು ತಂದೆಯ ಸ್ಥಾನಕ್ಕೆ ಮುಟ್ಟಿಸಿದ್ದು ತಾಯಿಯ ಸಾಧನೆ. ಇದರ ಜೊತೆಯಲ್ಲಿಯೇ ಆಕೆಯ ಧರ್ಮಕಾರ್ಯಗಳೂ ನಡೆದವು. ಮುದ್ರಣ ಯಂತ್ರದ ಕನಸೂ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ, ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿದಳೆಂದೂ ಪ್ರಸಿದ್ಧಿಯಿದೆ. ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಆಕೆಯ ಆಶ್ರಯದಲ್ಲಿ. ಮುದೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಯು ಕೃತಜ್ಞತೆಯಿಂದ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟನು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ. ಅಲ್ಲಿಯ 1007ರ ಶಾಸನವು ಆಕೆಯ ಧರ್ಮಕಾರ್ಯಕ್ಕೆ ಸಾಕ್ಷಿ.

ಇದನ್ನು ವ್ಯವಹಾರಜ್ಞಾನವುಳ್ಳವರು ಇನ್ನೊಂದು ದೃಷ್ಟಿಯಿಂದಲೂ ನೋಡಬೇಕು. ಸಾವಿರ ಓಲೆಗ್ರಂಥಗಳೆಂದರೆ ಹದಗೊಳಿಸಿದ ತಾಳೆಗರಿಯ ರಾಶಿ, ತಪ್ಪಿಲ್ಲದೆ ಬರೆಯಬಲ್ಲ ಲಿಪಿಕಾರರು, ಅವರ ಊಟ ವಸತಿ ಸಂಭಾವನೆ, ಬರೆದುದನ್ನು ಮೂಲದೊಡನೆ ಹೋಲಿಸಿ ನೋಡುವ ಪಂಡಿತರು, ಸಿದ್ಧವಾದ ಪ್ರತಿಗಳನ್ನು ಊರೂರಿಗೆ ತಲುಪಿಸುವ ಏರ್ಪಾಡು. ಇದು ಭಾವಾವೇಶದಲ್ಲಿ ಒಂದು ದಿನ ಕೈಯೆತ್ತಿ ಕೊಟ್ಟ ದಾನವಲ್ಲ. ವರ್ಷಗಟ್ಟಲೆ ಆದಾಯವನ್ನು ಎಣಿಸಿ, ವೆಚ್ಚವನ್ನು ಅಂದಾಜಿಸಿ, ಕೆಲಸವನ್ನು ಹಂಚಿ, ಹಂಚಿದ ಕೆಲಸವನ್ನು ವಿಚಾರಿಸಿ ನಡೆಸಬೇಕಾದ ಉದ್ಯಮ. ಸ್ವಂತ ಬಳಕೆಗೆ ಮಿತಿ ಹಾಕಿಕೊಂಡವರ ಕೈಯಲ್ಲಿ ಮಾತ್ರ ಇಂಥ ದಾನಕ್ಕೆ ಹಣ ಉಳಿಯುತ್ತದೆ. ಲೆಕ್ಕ ಬಲ್ಲವರ ಕೈಯಲ್ಲಿ ಮಾತ್ರ ಉಳಿದ ಹಣ ಸರಿಯಾದ ಕಡೆ ಸಲ್ಲುತ್ತದೆ. ಪರಿಗ್ರಹ ಪರಿಮಾಣ ವ್ರತಕ್ಕೂ ಮನೆಯ ಆಯವ್ಯಯಕ್ಕೂ ಇರುವ ನಂಟು ಇದೇ. ಅತ್ತಿಮಬ್ಬೆಯ ಔದಾರ್ಯವನ್ನು ಹೊಗಳುವವರು ಆಕೆಯ ಆಡಳಿತವನ್ನೂ ಹೊಗಳಬೇಕು.

ಮತ್ತೊಂದು ಅಂಶವೂ ಗಮನಾರ್ಹ. ಶಾಂತಿಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪೊನ್ನಮಯ್ಯ. ಅಂದರೆ ಗ್ರಂಥಪ್ರೀತಿಯು ಆಕೆಗೆ ತವರಿನಿಂದ ಬಂದ ಬಳುವಳಿ. ದುಃಖದ ದಿನಗಳಲ್ಲಿ ಮನಸ್ಸನ್ನು ಕುಗ್ಗಗೊಡದೆ ಆ ಅಭಿರುಚಿಯನ್ನೇ ಆಕೆ ಧರ್ಮಕಾರ್ಯವನ್ನಾಗಿ ಮಾರ್ಪಡಿಸಿಕೊಂಡಳು. ಒಬ್ಬಂಟಿಯಾದ ಗೃಹಿಣಿ ಓದುವುದು, ಹಾಡುವುದು, ಕಸೂತಿ ಹಾಕುವುದು, ನಾಲ್ಕು ಜನರೊಡನೆ ಸ್ವಾಧ್ಯಾಯಕ್ಕೆ ಕುಳಿತುಕೊಳ್ಳುವುದು ಇವೆಲ್ಲ ಇನ್ನು ಏತಕ್ಕೆ ಎಂದು ಮೂಗು ಮುರಿಯುವ ಹಿರಿಯರು ಇದನ್ನು ಯೋಚಿಸಬೇಕು. ಸ್ವಾಧ್ಯಾಯವು ಗೃಹಸ್ಥರ ಷಟ್ಕರ್ಮಗಳಲ್ಲಿ ಒಂದು. ಅದಕ್ಕೆ ಸುಮಂಗಲಿ, ವಿಧವೆ ಎಂಬ ಭೇದವನ್ನು ಯಾವ ಆಚಾರ್ಯರೂ ಹೇಳಿಲ್ಲ. ತಾಯಿಯ ಮನಸ್ಸಿಗೆ ಬಿಡುವಿಲ್ಲದ ಮನೆಯಲ್ಲಿ ಮಕ್ಕಳ ಮನಸ್ಸಿಗೂ ಬಿಡುವಿರುವುದಿಲ್ಲ.

ಕಾಲುವೆಯ ಬಳಿಯಲ್ಲಿ ಕಂಡ ರಾಣಿ

ಲಕ್ಕುಂಡಿಯ ಶಾಸನದಿಂದ ಆರು ನೂರು ವರ್ಷ ಮುಂದೆ ಬಂದು, ಬಯಲುಸೀಮೆಯಿಂದ ತುಳುನಾಡಿಗೆ ಇಳಿದರೆ ಮತ್ತೊಬ್ಬ ತಾಯಿ ಕಾಣಸಿಗುತ್ತಾಳೆ. ಆಕೆ ವಿಧವೆಯಲ್ಲ, ಗಂಡನಿಂದ ಬೇರೆಯಾದವಳು. ಜೈನರಾದ ಚೌಟ ಅರಸರ ಮನೆತನಕ್ಕೆ ಸೇರಿದ ಉಳ್ಳಾಲದ ರಾಣಿ. ಅಬ್ಬಕ್ಕ ಎಂಬ ಹೆಸರು ಆ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸಲ್ಲುತ್ತದೆ. ಇಲ್ಲಿ ಹೇಳುತ್ತಿರುವುದು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರ ಡಿಸೆಂಬರಿನಲ್ಲಿ ಕಣ್ಣಾರೆ ಕಂಡು ಬರೆದಿಟ್ಟ ರಾಣಿಯ ವಿಷಯ.

ಈ ರಾಣಿಯ ಪತಿ ನೆರೆಯ ಬಂಗ ಅರಸ. ಇಬ್ಬರಿಗೂ ಹೊಂದಾಣಿಕೆಯಾಗದೆ ಹೋದಾಗ ರಾಣಿಯು ಆತನಿಂದ ಬಂದಿದ್ದ ಒಡವೆಗಳನ್ನು ಆತನಿಗೇ ಹಿಂತಿರುಗಿಸಿ ಸಂಬಂಧವನ್ನು ಮುಗಿಸಿದಳೆಂದು ಪ್ರವಾಸಿಯು ಕೇಳಿ ಬರೆದಿದ್ದಾನೆ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಬಾಕಿ ಉಳಿಸದೆ ಖಾತೆಯನ್ನು ಮುಕ್ತಾಯ ಮಾಡಿದಳು. ಅಳಿಯಸಂತಾನದ ಕಟ್ಟಿನಲ್ಲಿ ಮನೆತನವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಇಳಿದುಬರುತ್ತಿದ್ದುದರಿಂದ ಆಕೆಗೆ ನಿಲ್ಲಲು ಸ್ವಂತ ನೆಲವಿತ್ತು. ಮುಂದೆ ವಿರಸವು ಯುದ್ಧವಾಗಿ ಬೆಳೆಯಿತು. ಬಂಗನ ಪಕ್ಷಕ್ಕೆ ಪೋರ್ಚುಗೀಸರು ನಿಂತರು. ರಾಣಿಯು ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವನ್ನು ಕೋರಿದಳು. ಕರಾವಳಿಯ ಕಾಳುಮೆಣಸಿನ ವ್ಯಾಪಾರವನ್ನೆಲ್ಲ ತಮ್ಮ ಹಿಡಿತಕ್ಕೆ ತಂದುಕೊಳ್ಳಲು ಹವಣಿಸುತ್ತಿದ್ದ ಪೋರ್ಚುಗೀಸರು ಈ ಜಗಳದಲ್ಲಿ ಸೋಲುಂಡರು.

ಇಂಥ ರಾಣಿಯನ್ನು ಕಾಣಬೇಕೆಂಬ ಕುತೂಹಲದಿಂದ ದೆಲ್ಲಾ ವಾಲ್ಲೆಯು ಆಕೆ ಆಗ ತಂಗಿದ್ದ ಮಣೇಲ್ ಎಂಬ ಊರಿಗೆ ಹೋದನು. ಆತನಿಗೆ ರಾಣಿ ದೊರೆತದ್ದು ಸಿಂಹಾಸನದ ಮೇಲಲ್ಲ, ಬೀದಿಯಲ್ಲಿ. ಆಕೆಯು ಹೊಲಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡಿಕೊಂಡು ಕಾಲ್ನಡಿಗೆಯಲ್ಲಿ ಬರುತ್ತಿದ್ದಳು. ಪಾದರಕ್ಷೆಯಿಲ್ಲ. ಸೊಂಟಕ್ಕೆ ದಪ್ಪನೆಯ ಬಿಳಿಯ ಹತ್ತಿಬಟ್ಟೆ, ತಲೆಯಿಂದ ಹೆಗಲ ಮೇಲೆ ಇಳಿಬಿಟ್ಟ ತೆಳುವಾದ ಒಂದು ವಸ್ತ್ರ, ಹಿಂದೆ ಮುಂದೆ ಕೆಲವೇ ಮಂದಿ ಆಳುಗಳು, ಬಿಸಿಲಿಗೆ ಮರೆಯಾಗಿ ಒಂದು ಓಲೆಯ ಕೊಡೆ. ಯುರೋಪಿನ ರಾಣಿಯರ ವೈಭವವನ್ನು ಬಲ್ಲ ಆ ಪ್ರವಾಸಿಗೆ ಮೊದಲ ನೋಟದಲ್ಲಿ ಆಕೆ ಅಡುಗೆಮನೆಯ ಕೆಲಸದವಳಂತೆಯೋ ಅಗಸಗಿತ್ತಿಯಂತೆಯೋ ಕಂಡಳಂತೆ. ಸ್ಪೇನಿನ ದೊರೆಯ ಸೈನ್ಯವನ್ನು ಹಿಮ್ಮೆಟ್ಟಿಸಿದವಳು ಈಕೆಯೇ ಎಂದು ಆತ ಅಚ್ಚರಿಪಟ್ಟನು. ಆದರೆ ಆಕೆ ಮಾತನಾಡತೊಡಗಿದ ಮೇಲೆ ಆತನ ಅಭಿಪ್ರಾಯ ಬದಲಾಯಿತು. ಆಕೆಯ ದನಿ ಇಂಪಾಗಿತ್ತು, ಮಾತು ವಿವೇಕದಿಂದ ಕೂಡಿತ್ತು ಎಂದು ಆತ ಒಪ್ಪಿಕೊಂಡಿದ್ದಾನೆ.

ಇಲ್ಲಿ ಒಂದು ಸಣ್ಣ ಸಂಗತಿಯು ವಿಶೇಷ ಅರ್ಥವುಳ್ಳದ್ದು. ರಾಣಿಯು ಹಣ್ಣು ಮುದುಕಿ, ಬಾಯಲ್ಲಿ ಹಲ್ಲಿಲ್ಲ, ಆದ್ದರಿಂದ ಮುಖವನ್ನು ಅರ್ಧ ಮುಚ್ಚಿಕೊಂಡಿರುತ್ತಾಳೆ ಎಂದು ಪ್ರವಾಸಿಗೆ ಮೊದಲೇ ಹೇಳಲಾಗಿತ್ತು. ಆತ ಹತ್ತಿರದಿಂದ ನೋಡಿದಾಗ ಆಕೆಗೆ ನಲವತ್ತರ ಆಸುಪಾಸಿನ ವಯಸ್ಸು. ಹಲ್ಲಿನ ಕೊರತೆಯೂ ಕಾಣಲಿಲ್ಲ. ಗಂಡನಿಂದ ಬೇರೆಯಾಗಿ ತನ್ನ ವ್ಯವಹಾರವನ್ನು ತಾನೇ ನಡೆಸುವ ಹೆಂಗಸಿನ ಬಗೆಗೆ ಜನ ಹೇಗೆ ಮಾತು ಕಟ್ಟುತ್ತಾರೆಂಬುದಕ್ಕೆ ಇದೊಂದು ಹಳೆಯ ದಾಖಲೆ. ಆ ಅಭ್ಯಾಸ ಆ ಕಾಲಕ್ಕೇ ಮುಗಿದುಹೋಯಿತೆಂದು ಹೇಳುವಂತಿಲ್ಲ.

ರಾಣಿಯ ಮಗನು ಅದೇ ಪ್ರವಾಸಿಯನ್ನು ಮನೆಗೆ ಕರೆದು ಎಲೆಯಲ್ಲಿ ಅನ್ನ ಬಡಿಸಿ ಊಟಕ್ಕಿಟ್ಟನು. ಪರದೇಶದವನ ನಡೆನುಡಿ ತನಗೆ ಹೊಸದಾಗಿದ್ದರೂ ಗೇಲಿ ಮಾಡದೆ, ಇನ್ನಷ್ಟು ಊಟ ಮಾಡಿರೆಂದು ಉಪಚರಿಸಿದನು. ಒಬ್ಬಂಟಿ ತಾಯಿಯ ಮಕ್ಕಳು ಅಂಕೆಯಿಲ್ಲದೆ ಬೆಳೆಯುತ್ತಾರೆಂಬ ಗಾದೆಯಂಥ ಮಾತಿಗೆ ಆ ಊಟದ ಪಂಕ್ತಿಯೇ ಉತ್ತರ.

ರಾಣಿಯ ಹಣಕಾಸು ಎಲ್ಲಿಂದ ಬರುತ್ತಿತ್ತೆಂಬುದನ್ನು ಆಕೆಯ ಬರಿಗಾಲುಗಳೇ ಹೇಳುತ್ತವೆ. ನೀರು ಹರಿದರೆ ಬೆಳೆ, ಬೆಳೆ ಬಂದರೆ ಆದಾಯ. ಆ ನೀರಿನ ಕೆಲಸವನ್ನು ಪರಭಾರೆ ವಹಿಸದೆ ಸ್ವತಃ ನೋಡುತ್ತಿದ್ದಳು. ಮೈಮೇಲಿನ ಬಟ್ಟೆಗೆ ಕಡಿಮೆ ವೆಚ್ಚ, ಭೂಮಿಗೆ ಹೆಚ್ಚು ವೆಚ್ಚ. ಇದಕ್ಕಿಂತ ಒಳ್ಳೆಯ ಆಯವ್ಯಯದ ಪಾಠ ಇರಲಾರದು.

ನೀತಿಗ್ರಂಥ ಮತ್ತು ನ್ಯಾಯಾಲಯ

ರಾಣಿಯ ಹಾಗೂ ದಂಡನಾಯಕನ ಮಗಳ ಮಾತು ಬೇರೆ, ಸಾಮಾನ್ಯ ವರ್ತಕನ ಹೆಂಡತಿಯ ಮಾತು ಬೇರೆ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಕಾನೂನಿನ ಇತಿಹಾಸವು ಉತ್ತರ ಕೊಡುತ್ತದೆ. ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್ ಅವರು ಭದ್ರಬಾಹು ಸಂಹಿತೆ, ವರ್ಧಮಾನ ನೀತಿ, ಅರ್ಹನ್ನೀತಿ ಮೊದಲಾದ ಗ್ರಂಥಗಳನ್ನು ಶೋಧಿಸಿ 1926ರಲ್ಲಿ ಜೈನ ಕಾನೂನಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಈ ಪರಂಪರೆಯ ಪ್ರಕಾರ ಗಂಡನ ಆಸ್ತಿಗೆ ವಾರಸುದಾರರಲ್ಲಿ ಮೊದಲ ಸ್ಥಾನ ಹೆಂಡತಿಯದು. ಮಗನಿಗಿಂತಲೂ ಮೊದಲು ತಾಯಿ ಎಂಬ ಈ ಏರ್ಪಾಡಿನ ಉದ್ದೇಶ ಸ್ಪಷ್ಟ. ತಾಯಿಯ ಕೈಯಲ್ಲಿ ಆಸ್ತಿಯಿದ್ದರೆ ಮಗನು ವಿನಯದಿಂದಿರುತ್ತಾನೆ, ಮನೆಯೂ ಒಡೆಯುವುದಿಲ್ಲ.

ಇದು ಕೇವಲ ಗ್ರಂಥದ ಮಾತಾಗಿಯೂ ಉಳಿದಿರಲಿಲ್ಲ. ಶಿವಸಿಂಗ್ ರಾಯ್ ಮತ್ತು ದಾಖೋ ಎಂಬವರ ನಡುವಿನ ವ್ಯಾಜ್ಯವು ಉತ್ತರ ಭಾರತದಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ 1878ರಲ್ಲಿ ತೀರ್ಮಾನವಾಯಿತು. ಮಕ್ಕಳಿಲ್ಲದ ಸರಾವಗಿ ಅಗರ್‌ವಾಲ್ ಜೈನ ವಿಧವೆಗೆ, ಗಂಡನು ಸ್ವತಃ ಗಳಿಸಿದ ಆಸ್ತಿಯ ಮೇಲಾದರೂ, ಪೂರ್ಣ ಅಧಿಕಾರವುಂಟೆಂದೂ, ಗಂಡನ ಅಪ್ಪಣೆಯಾಗಲಿ ದಾಯಾದಿಗಳ ಒಪ್ಪಿಗೆಯಾಗಲಿ ಇಲ್ಲದೆಯೇ ಆಕೆ ದತ್ತು ತೆಗೆದುಕೊಳ್ಳಬಹುದೆಂದೂ ಸಮುದಾಯದ ಆಚಾರದ ಆಧಾರದ ಮೇಲೆ ಒಪ್ಪಲಾಯಿತು. ಒಬ್ಬ ಹೆಂಗಸು ತಾನೊಬ್ಬಳೇ ನಿರ್ಧರಿಸಿ ತಾಯಿಯಾಗಬಹುದು ಎಂಬುದನ್ನು ಜೈನರ ಆಚಾರವು ಅಷ್ಟು ಹಿಂದೆಯೇ ಒಪ್ಪಿತ್ತು. ದೇಶದ ಬಹುಭಾಗದಲ್ಲಿ ಇತರ ವಿಧವೆಯರಿಗೆ ಅನುಭೋಗದ ಸೀಮಿತ ಹಕ್ಕು ಮಾತ್ರವಿದ್ದ ಕಾಲವದು.

ನಂತರದ ಕಾನೂನುಗಳು ಈ ದಿಕ್ಕಿನಲ್ಲಿಯೇ ಸಾಗಿದವು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಕಾನೂನಿನಲ್ಲಿ ಮಹಿಳೆಯರ ಹಕ್ಕುಗಳನ್ನು ವಿಸ್ತರಿಸುವ ಶಾಸನವನ್ನು ತಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮಕ್ಕಳೊಡನೆ ಸಮಪಾಲು ದೊರೆಯುತ್ತದೆ. ಆ ಪಾಲಿಗೆ ಆಕೆ ಪೂರ್ಣ ಒಡತಿ. ಅದೇ ವರ್ಷದ ಅಪ್ರಾಪ್ತವಯಸ್ಕರ ಪಾಲನೆಯ ಕಾಯಿದೆಯು ಮಾತ್ರ ತಂದೆಯನ್ನು ಮೊದಲ ಪೋಷಕನೆಂದೂ, ಅವನ ನಂತರ ತಾಯಿಯೆಂದೂ ಹೇಳಿತ್ತು. ಲೇಖಕಿ ಗೀತಾ ಹರಿಹರನ್ ಅವರು 1984ರಲ್ಲಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳನ್ನು ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂಬ ಉತ್ತರ ಬಂದಿತು. ಆ ಮೊಕದ್ದಮೆಯಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆ ಮಗುವಿನ ಪಾಲನೆಯ ಹೊಣೆಯನ್ನು ಹೊತ್ತಿರದಿದ್ದಲ್ಲಿ, ಅವನು ಬದುಕಿರುವಾಗಲೂ ತಾಯಿಯೇ ಸಹಜ ಪೋಷಕಿಯಾಗಬಹುದೆಂದು ಅರ್ಥೈಸಿತು. ಆದರೆ ಅಪ್ರಾಪ್ತ ಮಕ್ಕಳ ಪಾಲಿನ ಮನೆ, ಜಮೀನುಗಳನ್ನು ಮಾರಲು ತಾಯಿಗಾಗಲಿ ತಂದೆಗಾಗಲಿ ನ್ಯಾಯಾಲಯದ ಅನುಮತಿ ಬೇಕು. ಅವಸರದಲ್ಲಿ ಬಂಧುಗಳ ಮಾತಿಗೆ ಒಪ್ಪಿ ಇಂಥ ಆಸ್ತಿಯನ್ನು ಮಾರಿದವರು ಮುಂದೆ ತೊಂದರೆಗೆ ಸಿಲುಕುತ್ತಾರೆ. ಇದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಮೂರು ಅತಿಚಾರಗಳು

ಕಾನೂನು ಹಕ್ಕನ್ನು ಕೊಡಬಲ್ಲದು. ಬಂಧುಗಳ ಮನಸ್ಸನ್ನು ತಿದ್ದಲಾರದು. ಅದಕ್ಕೆ ಧರ್ಮವೇ ಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೂರು, ಒಬ್ಬಂಟಿ ತಾಯಿಯ ಮನೆಬಾಗಿಲಲ್ಲಿ ನಿಂತು ಹೇಳಿದಂತಿವೆ.

ಮೊದಲನೆಯದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರೆಹವನ್ನು ಸೃಷ್ಟಿಸುವುದು. ದುಃಖದಲ್ಲಿರುವ ಹೆಂಗಸಿನಿಂದ ಏನೆಂದು ಓದಿ ಹೇಳದೆ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ಅದನ್ನು ಹಕ್ಕುಬಿಟ್ಟ ಪತ್ರವೆನ್ನುವುದು ಇದೇ ಜಾತಿಗೆ ಸೇರಿದ್ದು.

ಎರಡನೆಯದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಇಟ್ಟ ಇಡುಗಂಟು. ಇದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿರುವ ವಿವರಣೆ ಬಹಳ ಸೂಕ್ಷ್ಮವಾದುದು. ಹಣವನ್ನು ಇಟ್ಟವನು ಅದರ ಎಣಿಕೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಕೊಟ್ಟುಬಿಡುವುದೇ ನ್ಯಾಸಾಪಹಾರ. ಇಲ್ಲಿ ಕಳ್ಳತನದ ಗದ್ದಲವಿಲ್ಲ, ವಂಚನೆಯ ಮಾತಿಲ್ಲ; ಕೇಳಿದ್ದನ್ನು ಕೊಟ್ಟಾಗಿದೆ. ಆದರೂ ವ್ರತಕ್ಕೆ ಕಳಂಕ ಬಂದಿದೆ. ವರ್ತಕರ ಮನೆಗಳಲ್ಲಿ ಲೇವಾದೇವಿಯ ಎಷ್ಟೋ ಭಾಗ ಬಾಯಿಮಾತಿನ ನಂಬಿಕೆಯ ಮೇಲೆ ನಡೆಯುತ್ತದೆ. ಗಂಡನು ಅಣ್ಣತಮ್ಮಂದಿರ ಅಂಗಡಿಯಲ್ಲಿ, ಗೆಳೆಯನ ಮಂಡಿಯಲ್ಲಿ ಎಷ್ಟು ತೊಡಗಿಸಿದ್ದನೆಂಬುದು ಹೆಂಡತಿಗೆ ತಿಳಿದಿರುವುದಿಲ್ಲ. ಆಕೆ ತನಗೆ ತಿಳಿದಷ್ಟನ್ನೇ ಕೇಳುತ್ತಾಳೆ. ಆಗ ಕಿರ್ದಿಯನ್ನು ತೆಗೆದು ‘ನೀವು ಕೇಳಿದ್ದಕ್ಕಿಂತ ಹೆಚ್ಚು ಬರಬೇಕಾಗಿದೆ’ ಎಂದು ಹೇಳುವವನೇ ಶ್ರಾವಕ. ಸುಮ್ಮನಿರುವವನು ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಎಷ್ಟೇ ನಿಷ್ಠೆಯಿಂದ ಮಾಡಿದರೂ ಆ ಮೌನದ ಲೆಕ್ಕ ತೀರುವುದಿಲ್ಲ.

ಮೂರನೆಯದು ರಹೋಭ್ಯಾಖ್ಯಾನ, ಏಕಾಂತದ ವಿಷಯವನ್ನು ಬಯಲು ಮಾಡುವುದು. ಗಂಡನಿಂದ ಬೇರೆಯಾದವಳ ಕಾರಣಗಳನ್ನು ಬಸದಿಯ ಜಗಲಿಯಲ್ಲಿ ಕುಳಿತು ವಿಚಾರ ಮಾಡುವವರಿಗೆ ಇದು ಅನ್ವಯಿಸುತ್ತದೆ. ಇದರ ಛಾಯೆ ಸಂಸ್ಥೆಗಳ ಮೇಲೂ ಬೀಳುತ್ತದೆ. ತಂದೆಯಿಲ್ಲದ ಮಗುವಿಗೆ ವಿದ್ಯಾರ್ಥಿವೇತನ ಕೊಟ್ಟು, ತಾಯಿಯನ್ನು ವೇದಿಕೆಗೆ ಕರೆದು, ಆಕೆಯ ಬಡತನವನ್ನು ಧ್ವನಿವರ್ಧಕದಲ್ಲಿ ವರ್ಣಿಸುವುದು ಧರ್ಮಪ್ರಭಾವನೆಯಲ್ಲ. ಅದೇ ಹಣವನ್ನು ಸದ್ದಿಲ್ಲದೆ ಶಾಲೆಗೆ ಕಟ್ಟಿದರೆ ಮಗುವಿನ ವಿದ್ಯೆಯೂ ನಡೆಯುತ್ತದೆ, ಮನೆಯ ಮಾನವೂ ಉಳಿಯುತ್ತದೆ.

ಇಲ್ಲಿ ಹೇಳಿದ್ದು ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುವ ತಂದೆಗೂ ಬಹುಮಟ್ಟಿಗೆ ಸಲ್ಲುತ್ತದೆ. ಅವನಿಗೆ ಕೀಲಿಕೈಯ ಕೊರತೆ ಇರುವುದಿಲ್ಲ; ಒಲೆಯ ಮುಂದೆ, ಮಗುವಿನ ಹಾಸಿಗೆಯ ಪಕ್ಕದಲ್ಲಿ ನೆರವಿನ ಕೊರತೆ ಇರುತ್ತದೆ. ತಾಯಿಗಾದರೋ ದುಡಿಯುವ ಕೈಗಳಿರುತ್ತವೆ. ಲೆಕ್ಕದ ಪುಸ್ತಕವನ್ನು ಮಾತ್ರ ಬೇರೊಬ್ಬರು ಹಿಡಿದಿರುತ್ತಾರೆ.

ಆದ್ದರಿಂದ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಗಂಡನು ಬದುಕಿರುವಾಗಲೇ ಹೆಂಡತಿಗೆ ಕೊಡು-ಕೊಳ್ಳುವಿಕೆಯ ಪಟ್ಟಿಯನ್ನು ಬರೆದುಕೊಡಬೇಕು. ಬ್ಯಾಂಕು, ವಿಮೆ, ಜಮೀನುಗಳ ಕಾಗದಪತ್ರಗಳಿರುವ ಜಾಗವನ್ನು ತೋರಿಸಬೇಕು. ಹೆಣ್ಣುಮಕ್ಕಳಿಗೆ ವಿವಾಹಕ್ಕೆ ಮೊದಲೇ ಕಿರ್ದಿ ಖಾತೆಗಳನ್ನು ಓದಲು ಕಲಿಸಬೇಕು. ಬಸದಿಯ ಆಡಳಿತ ಮಂಡಳಿಗಳು, ಸಮಾಜದ ನಿಧಿಗಳು ಒಬ್ಬಂಟಿ ತಾಯಂದಿರನ್ನು ನೆರವು ಪಡೆಯುವವರೆಂದಷ್ಟೇ ಕಾಣದೆ, ಲೆಕ್ಕ ನೋಡುವ ಸಮಿತಿಯಲ್ಲಿ ಅವರಿಗೆ ಸ್ಥಾನ ಕೊಡಬೇಕು. ಸೀಮಿತ ಆದಾಯದಲ್ಲಿ ಮಕ್ಕಳನ್ನು ಓದಿಸಿ ದಡ ಸೇರಿಸಿದವರಿಗಿಂತ ಹಣದ ಬೆಲೆಯನ್ನು ಹೆಚ್ಚು ಬಲ್ಲವರು ಯಾರಿದ್ದಾರೆ?

ಲಕ್ಕುಂಡಿಗೆ ಯಾತ್ರೆ ಹೋಗುವ ಕುಟುಂಬಗಳು ಬ್ರಹ್ಮ ಜಿನಾಲಯದ ಮುಂದೆ ಕೈಮುಗಿದು ಅತ್ತಿಮಬ್ಬೆಯನ್ನು ಸ್ಮರಿಸುತ್ತವೆ. ಊರಿಗೆ ಮರಳಿದ ಮೇಲೆ ತಮ್ಮ ಬಂಧುಬಳಗದಲ್ಲಿ ಮಕ್ಕಳೊಡನೆ ಒಬ್ಬಂಟಿಯಾಗಿ ಉಳಿದ ತಾಯಿಗೆ ಸಲ್ಲಬೇಕಾದ ಯಾವುದಾದರೂ ಬಾಕಿ ತಮ್ಮ ಪುಸ್ತಕದಲ್ಲಿ ಉಳಿದಿದೆಯೇ ಎಂದು ಒಮ್ಮೆ ನೋಡಿ, ಉಳಿದಿದ್ದರೆ ಆಕೆ ಕೇಳುವ ಮೊದಲೇ ತಲುಪಿಸಿದಲ್ಲಿ ಆ ಸ್ಮರಣೆ ಸಾರ್ಥಕವಾಗುತ್ತದೆ.